ತಟ್ಟೆ ನೋಡುತ್ತಿದ್ದವರು

ಅವರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಹೂವು ಮಾರುವ ಹೆಂಗಸು. ನಾವು ಆ ಬಡಾವಣೆ ಬಿಟ್ಟು ಕೆ.ಆರ್. ಪುರದ ಕಡೆ ಮನೆ ಮಾಡಿ ಕೆಲವು ವರ್ಷಗಳಾಗಿದ್ದವು. ಯಾವುದೋ ಕೆಲಸಕ್ಕೆ ಹೋದವನು ಹಳೆಯ ಪರಿಚಯವೆಂದು ಅವಳ ಬುಟ್ಟಿಯ ಮುಂದೆ ನಿಂತಿದ್ದೆ. ಹೂವು ಮೊಳ ಹಾಕುತ್ತಲೇ ಅವಳು, "ನಿಮ್ಮ ಎದುರುಮನೆ ಸಾಹೇಬ್ರು ಹೋಗ್ಬಿಟ್ರಲ್ಲ ಸಾರ್, ಯಾರೂ ಹೇಳ್ಲಿಲ್ವಾ?" ಎಂದಳು. ಯಾವಾಗ ಎಂದು ಕೇಳಿದೆ. "ಆಗ್ಲೇ ತಿಂಗ್ಳ ಮೇಲಾಯ್ತು. ಮಲಗಿದ್ದೋರು ಏಳ್ಲಿಲ್ಲ ಅಂತೆ." ನಾನು ಕೆಲಸ ಮಾಡುತ್ತಿದ್ದ ಪತ್ರಿಕೆಯಲ್ಲಿ ಅದು ಬಂದಿರಲಿಲ್ಲ. ಬರುವಂಥ ಸುದ್ದಿಯೂ ಅದಾಗಿರಲಿಲ್ಲ.

ಮುಖ್ಯವಾದದ್ದನ್ನು ಮೊದಲೇ ಹೇಳುತ್ತೇನೆ. ಅವರ ಹೆಂಡತಿ ಗಂಟಲಲ್ಲಿ ಅನ್ನ ಇಳಿಯದೆ ಸತ್ತರು. ಕಾಯಿಲೆ ಬಹಳ ಕಾಲ ಅವರ ಕಣ್ಣೆದುರಿಗೇ ಬೆಳೆಯಿತು, ಅವರಿಗೆ ಗೊತ್ತಾಗಲಿಲ್ಲ. ಜನ ತಿಂದದ್ದೆಷ್ಟು, ಬಿಟ್ಟದ್ದೆಷ್ಟು ಎಂದು ನೋಡುವುದನ್ನೇ ಬದುಕಿಡೀ ಕೆಲಸ ಮಾಡಿಕೊಂಡಿದ್ದ ತಮಗೆ ಇದೊಂದು ಹೇಗೆ ಕಾಣಲಿಲ್ಲ ಎಂಬುದನ್ನು ಅವರು ಆಮೇಲಿನ ವರ್ಷಗಳಲ್ಲಿ ವಿಚಾರಿಸುತ್ತಲೇ ಇದ್ದರು. ಡಾಕ್ಟರರನ್ನು ಕೇಳಿದರು, ಹಾಲಿನವನನ್ನು ಕೇಳಿದರು, ನನ್ನನ್ನೂ ಕೇಳಿದರು. ನಾನು ಬಲ್ಲದ್ದೂ ಹೆಚ್ಚು ಕಡಿಮೆ ಅಷ್ಟೇ.

ನಮ್ಮ ಬಡಾವಣೆಯ ಪಕ್ಕದ ದೊಡ್ಡ ಕಾರ್ಖಾನೆಯಲ್ಲಿ ಅವರು ಕ್ಯಾಂಟೀನ್ ಸೂಪರ್‌ವೈಸರ್ ಆಗಿದ್ದರು. ಪಾಳಿಯ ಮೇಲೆ ಪಾಳಿ ಊಟಕ್ಕೆ ಬರುವ ಜಾಗ ಅದು. ಊಟ ಹೇಗಿದೆ ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲವಂತೆ. "ಕೇಳಿ ಏನ್ ಪ್ರಯೋಜನ ರೀ. ಯೂನಿಯನ್ನೋನು ಚೆನ್ನಾಗಿಲ್ಲ ಅಂತಾನೆ, ಆಫೀಸರ್ ಪಕ್ಕ ಕೂತೋನು ಚೆನ್ನಾಗಿದೆ ಅಂತಾನೆ. ತಿಂದಾದ್ಮೇಲೆ ತಟ್ಟೆ ನೋಡಿದ್ರೆ ಆಯ್ತು" ಎಂದು ಒಮ್ಮೆ ಹೇಳಿದರು. ಸಾಂಬಾರು ನೀರಾಗಿದೆಯೆಂದು ಕಾರ್ಮಿಕರು ಗಲಾಟೆ ಮಾಡಿದ ದಿನ, ಕ್ಯಾಂಟೀನ್ ಕಮಿಟಿಯವರನ್ನು ಕರೆದುಕೊಂಡು ಹೋಗಿ ಎಂಜಲು ತಟ್ಟೆ ಹಾಕುವ ತೊಟ್ಟಿಯ ಮುಂದೆ ನಿಲ್ಲಿಸಿದರಂತೆ. ತಟ್ಟೆಗಳಲ್ಲಿ ಸಾಂಬಾರಿನ ಹನಿಯೂ ಇರಲಿಲ್ಲವಂತೆ. ಇದು ಅವರೇ ಹೇಳಿದ್ದು. ಬೇರೆಯವರ ಬಾಯಲ್ಲಿ ನಾನು ಕೇಳಿಲ್ಲ. ಕಾರ್ಖಾನೆಯಲ್ಲಿ ಬೆನ್ನ ಹಿಂದೆ ಅವರಿಗೆ 'ತಟ್ಟೆ ಸಾಹೇಬ್ರು' ಎಂಬ ಹೆಸರಿದ್ದದ್ದು ಮಾತ್ರ ನಿಜ. ನಮ್ಮ ಬೀದಿಯಲ್ಲೂ ಅವರಿಗೆ ಅದೇ ಹೆಸರು. ಅವರಿಗೂ ಗೊತ್ತಿತ್ತು, ಬೇಸರವಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ, ಅವಧಿಗೆ ಮುಂಚೆಯೇ ನಿವೃತ್ತಿ ಪಡೆದರು. ಆ ಹೊತ್ತಿಗೆ ಇಂದಿರಾನಗರದ ನೂರಡಿ ರಸ್ತೆಯ ಒಂದು ಅಡ್ಡರಸ್ತೆಯಲ್ಲಿ, ಪೀಠೋಪಕರಣದ ಅಂಗಡಿಯ ಮೇಲಿನ ಮಹಡಿಯಲ್ಲಿ, ಮಧ್ಯಾಹ್ನದ ಬಫೆಯ ಹೊಸ ಹೋಟೆಲು ಶುರುವಾಗಿತ್ತು. ಮಾಲೀಕ ರಿಚರ್ಡ್ಸ್ ಟೌನಿನವರು, ಮನೆಮಾತು ತಮಿಳು. ಉದ್ದನೆಯ ಮೇಜಿನ ಮೇಲೆ ಮುಚ್ಚಳದ ಪಾತ್ರೆಗಳು, ಕೆಳಗೆ ಸಣ್ಣ ನೀಲಿ ಉರಿ, ಒಂದು ತುದಿಯಲ್ಲಿ ತಟ್ಟೆಗಳ ಗುಡ್ಡ, ಇನ್ನೊಂದು ತುದಿಯಲ್ಲಿ ಗುಲಾಬ್ ಜಾಮೂನು. ಕುತ್ತಿಗೆಗೆ ಗುರುತಿನ ಚೀಟಿ ತೂಗಿಸಿಕೊಂಡ ಕಂಪನಿಯವರು, ಬೀಳ್ಕೊಡುಗೆಗೆಂದು ಗುಂಪಾಗಿ ಬರುವ ವಿಮಾ ಕಚೇರಿಯವರು, ಹುಟ್ಟುಹಬ್ಬಕ್ಕೆಂದು ಜೋಗುಪಾಳ್ಯದಿಂದ ಬರುವ ಸಂಸಾರಗಳು. ಒಂದೇ ದುಡ್ಡಿಗೆ ಎಷ್ಟು ಬೇಕಾದರೂ ತಿನ್ನಬಹುದು ಎಂಬುದು ಆಗ ಇನ್ನೂ ಹೊಸದು. ಜನ ಅದನ್ನು ಸವಾಲಿನಂತೆ ತೆಗೆದುಕೊಳ್ಳುತ್ತಿದ್ದರು. ತಟ್ಟೆಯ ಮೇಲೆ ತಟ್ಟೆ ತುಂಬಿ, ಅರ್ಧ ಬಿಟ್ಟು, ಬೆವರೊರೆಸಿಕೊಂಡು ಇಳಿದು ಹೋಗುತ್ತಿದ್ದರು. ಬಿಟ್ಟದ್ದನ್ನೆಲ್ಲ ಸಂಜೆ ಹಂದಿ ಸಾಕುವವರು ಡ್ರಮ್ಮಿನಲ್ಲಿ ಒಯ್ಯುತ್ತಿದ್ದರು. ಇದಕ್ಕೆ ಕಡಿವಾಣ ಹಾಕಲು ಮಾಲೀಕರಿಗೆ ಬೇಕಾಗಿದ್ದದ್ದು ತಟ್ಟೆ ಸಾಹೇಬರಂಥವರೇ, ಮೇಲ್ವಿಚಾರಣೆಗೆ ಸೇರಿಸಿಕೊಂಡರು.

ಸೇರಿದ ವಾರದಲ್ಲೇ ತಟ್ಟೆಗಳ ಗುಡ್ಡದ ಮೇಲಿನ ಗೋಡೆಗೆ ಬೋರ್ಡು ಬಂತು. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅವರೇ ಬರೆಸಿದ್ದು. ಬೇಕಾದಷ್ಟು ಬಡಿಸಿಕೊಳ್ಳಿ, ಬಡಿಸಿಕೊಂಡದ್ದನ್ನು ಬಿಡಬೇಡಿ, ಬಿಟ್ಟವರಿಗೆ ದಂಡ ಎಂದು. ಮಾಲೀಕರು ನಕ್ಕು, "ಏನ್ ಸಾರ್ ಇದು, ಬರೋ ಕಸ್ಟಮರ್‌ನ ಸ್ಕೂಲ್ ಪಿಳ್ಳೈ ಥರ ಮಾಡ್ತೀರಲ್ಲ" ಎಂದರಂತೆ. ದಂಡ ಕಟ್ಟಿದವರು ಅಪರೂಪ. ಬೋರ್ಡು ಓದಿದ ಮೇಲೆ ಕೈ ತಾನಾಗಿ ಹಿಡಿತಕ್ಕೆ ಬರುತ್ತಿತ್ತು. ಬಾರದವರಿಗೆ ಅವರ ನೋಟವಿತ್ತು.

ಅವರು ನಿಲ್ಲುತ್ತಿದ್ದದ್ದು ಅಡುಗೆಮನೆಯ ಬಾಗಿಲಲ್ಲಿ, ಎಂಜಲು ತಟ್ಟೆ ಹಾಕುವ ಟಬ್ಬಿನ ಪಕ್ಕ. ಅರ್ಧ ತೋಳಿನ ಬಿಳಿ ಅಂಗಿ, ಬೆನ್ನ ಹಿಂದೆ ಕಟ್ಟಿದ ಕೈ, ತುಸು ವಾಲಿದ ಕುತ್ತಿಗೆ. ಗಿರಾಕಿಗಳ ಮುಖ ನೋಡುವವರಲ್ಲ. ಸರ್ವರ್ ಹೊತ್ತು ತರುವ ಪ್ರತಿ ತಟ್ಟೆಯನ್ನೂ ನೋಡುತ್ತಿದ್ದರು. ಟಬ್ಬಿನ ಆಚೆ ಕೂತು ತಟ್ಟೆ ತೊಳೆಯುತ್ತಿದ್ದವಳು ಶರಣಮ್ಮ. ರಾಯಚೂರು ಕಡೆಯವಳು, ಗಂಡನೊಂದಿಗೆ ಜೋಗುಪಾಳ್ಯದ ಒಂದು ರೂಮಿನಲ್ಲಿ ಬಾಡಿಗೆಗಿದ್ದಳು. ನಾನು ಕೆಲವು ಮಧ್ಯಾಹ್ನ ಕಚೇರಿಗೆ ಹೋಗುವ ದಾರಿಯಲ್ಲಿ ಅಲ್ಲಿ ಇಳಿದು ಉಣ್ಣುತ್ತಿದ್ದೆ, ಉಂಡಾದ ಮೇಲೆ ಅವರ ಪಕ್ಕ ನಿಂತು ಮಾತಾಡುತ್ತಿದ್ದೆ.

"ಸಾಹೇಬ್ರ, ಬದನಿಕಾಯಿ ಇವತ್ತ ಯಾರೂ ಮುಟ್ಟಿಲ್ರೀ" ಎನ್ನುತ್ತಿದ್ದಳು ಶರಣಮ್ಮ.

"ಮುಟ್ಟಿದಾರೆ ಕಣಮ್ಮ, ಮುಟ್ಟಿ ಬಿಟ್ಟಿದಾರೆ. ಒಂದೊಂದು ತುತ್ತು ಕಡಿಮೆ ಇದೆ ನೋಡು. ಉಪ್ಪು ಜಾಸ್ತಿ ಆಗಿದೆ." ಒಳಗೆ ಹೋಗಿ ಅಡುಗೆಯವನಿಗೆ ಅದನ್ನೇ ಹೇಳಿ ಬರುತ್ತಿದ್ದರು. ಅಡುಗೆಯವನು ಬಾಣಲೆಗೆ ಸೌಟು ಕುಟ್ಟುವ ಸದ್ದು ಹೊರಗೆ ಕೇಳುತ್ತಿತ್ತು.

"ಅಡಗಿ ಮಾಡೋನ ಬಾಯಿಗಿಂತ ಸೌಟಿಂದೇ ಜೋರದ ನೋಡ್ರೀ" ಎಂದು ಶರಣಮ್ಮ ನಗುವಳು.

ಅವರ ಲೆಕ್ಕದಲ್ಲಿ ಊಟ ಬಿಡುವುದಕ್ಕೆ ಕಾರಣ ಎರಡೇ ಇದ್ದವು. ಮುಟ್ಟದೆ ಬಿಟ್ಟರೆ ದುರಾಸೆ, ಮುಟ್ಟಿ ಬಿಟ್ಟರೆ ಅಡುಗೆಯವನ ತಪ್ಪು. ಮೂರನೆಯದೊಂದು ಇರಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಕಾರ್ಖಾನೆಗೆ ಬರುತ್ತಿದ್ದವರು ಕೆಲಸ ಮಾಡುವ ಗಟ್ಟಿ ಜನ. ಬಫೆಗೆ ಬರುತ್ತಿದ್ದವರು ಹಸಿದು ಬಂದವರು. ಉಣ್ಣಬೇಕೆಂದಿದ್ದೂ ಉಣ್ಣಲಾರದವರು ಅವರ ಕಣ್ಣ ಮುಂದೆ ಬಂದಿರಲಿಲ್ಲ.

ದಂಡ ತಪ್ಪಿಸಿಕೊಳ್ಳಲು ಜನ ಒಂದು ಉಪಾಯ ಕಂಡುಕೊಂಡಿದ್ದರು. ಉಳಿದದ್ದನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ಉಂಡೆ ಮಾಡಿ, ತಟ್ಟೆಯ ಅಡಿಗೆ ಸೇರಿಸಿ ಎದ್ದು ಹೋಗುವುದು. ಅವರಿಗೆ ಅದೂ ತಿಳಿದಿತ್ತು. ಟಿಶ್ಯೂ ಉಂಡೆ ಸಿಕ್ಕಿದರೆ ಬಿಚ್ಚಿ ತೋರಿಸಬೇಕೆಂದು ಶರಣಮ್ಮನಿಗೆ ಹೇಳಿಟ್ಟಿದ್ದರು. ಅವಳು ಮೂಗು ಮುರಿಯುತ್ತ ಬಿಚ್ಚುತ್ತಿದ್ದಳು. "ಇಷ್ಟ್ ಓದಿದ ಮಂದಿ, ಚಿಕ್ಕೂಸಿನಂಗ ಮುಚ್ಚಿಡ್ತಾರಲ್ರೀ."

ಇಷ್ಟು ಶಿಸ್ತು ಯಾತಕ್ಕೆ ಎಂದು ಒಂದೆರಡು ಸಲ ಕೇಳಿದ್ದೆ. ಬಡತನದ ಬಾಲ್ಯದ ಕತೆ ಬರಬಹುದೆಂದು ಕಾದೆ. ಬರಲಿಲ್ಲ. "ಬಡಿಸಿಕೊಂಡದ್ದು ತಿನ್ಬೇಕು, ಅಷ್ಟೇ" ಎಂದು ಮಾತು ಮುಗಿಸಿದರು.

ಮನೆಯಲ್ಲೂ ಅದೇ. ಅವರು ಗದರುವ ಮನುಷ್ಯರಲ್ಲ. ಎದುರುಮನೆಯಲ್ಲಿ ಅಷ್ಟು ವರ್ಷ ಇದ್ದರೂ ಅವರು ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಹೈಸ್ಕೂಲಿಗೆ ಹೋಗುತ್ತಿದ್ದ ನನ್ನ ಮಗಳು ಒಂದು ದಿನ ಅಲ್ಲಿ ಊಟಕ್ಕೆ ಕೂತು, ತನಗೆ ಸೇರದ ಹಾಗಲಕಾಯಿ ಗೊಜ್ಜನ್ನು ಪೂರ್ತಿ ತಿಂದು ಬಂದು, ನಮ್ಮ ಬಚ್ಚಲಲ್ಲಿ ಕಕ್ಕಿಕೊಂಡಳು. ಬೇಡ ಎಂದರೆ ಬೈದರೇ ಎಂದು ಕೇಳಿದರೆ, "ಬೈಲಿಲ್ಲಪ್ಪ. ತಟ್ಟೆ ನೋಡಿದ್ರು" ಎಂದಳು. ನಾವು ನಕ್ಕೆವು.

ಅವರ ಮನೆಯಲ್ಲಿ ಮಕ್ಕಳಿರಲಿಲ್ಲ. ಗಂಡನಿಗೆ ಬಡಿಸಿ, ಆತ ಎದ್ದ ಮೇಲೆ ಹೆಂಡತಿ ಉಣ್ಣುವುದು ಅಲ್ಲಿನ ಪದ್ಧತಿ. ಅವರು ಕೈ ತೊಳೆದು, ಜಗಲಿಯಲ್ಲಿ ಸ್ವಲ್ಪ ಹೊತ್ತು ಕೂತು, ನೀರು ಕುಡಿಯಲು ಒಳಗೆ ಹೋಗುತ್ತಿದ್ದರು. ಆಗ ತೊಳೆಯಲಿಟ್ಟ ಆಕೆಯ ತಟ್ಟೆ ಕಣ್ಣಿಗೆ ಬೀಳುತ್ತಿತ್ತು. ಖಾಲಿ ತಟ್ಟೆ. ಆಕೆ ಚೆನ್ನಾಗಿ ಉಂಡಿದ್ದಾಳೆ ಎಂಬುದಕ್ಕೆ ಅವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅವರು ಹೋಟೆಲು ಸೇರಿದ ಮೇಲಿನ ಒಂದು ವರ್ಷ, ಮನೆಯ ಗೇಟಿನ ಮುಂದೆ ಒಂದು ಹಸು ಬಂದು ನಿಲ್ಲಲು ಶುರುಮಾಡಿತು. ಹಿಂದಿನ ಖಾಲಿ ಸೈಟಿನಲ್ಲಿ ದನ ಕಟ್ಟಿಕೊಂಡಿದ್ದ ಹಾಲಿನವನದು. ಆಕೆ ಸೆರಗಿನಲ್ಲಿ ಚಪಾತಿ ತಂದು ಅದರ ಬಾಯಿಗೆ ಕೊಡುವುದನ್ನು ನಾನೂ ನೋಡಿದ್ದೇನೆ. ಅವರಿಗೆ ಅದರಲ್ಲಿ ಸಂತೋಷವೇ. "ಇವ್ಳಿಗೆ ಈಚೆಗೆ ಭಕ್ತಿ ಜಾಸ್ತಿ ಆಗಿದೆ ರೀ. ದಿನಾ ಗೋಪೂಜೆ" ಎಂದು ನನ್ನೊಂದಿಗೆ ತಮಾಷೆ ಮಾಡಿದ್ದರು. ಆಕೆ ಬಡವಾಗುತ್ತಿದ್ದದ್ದು ನನ್ನ ಹೆಂಡತಿಯ ಕಣ್ಣಿಗೆ ಬಿದ್ದಿತ್ತು. ಕೇಳಿದರೆ, "ವಯಸ್ಸಾಯ್ತಲ್ಲಮ್ಮ, ಸಿಹಿ ಬಿಟ್ಟಿದೀನಿ, ಅದಕ್ಕೆ" ಎನ್ನುತ್ತಿದ್ದರು. ರವಿಕೆಗಳನ್ನು ಒಳಹೊಲಿಗೆ ಹಾಕಿ ಬಿಗಿಮಾಡಿಕೊಂಡಿದ್ದರು. ದಿನವೂ ಜೊತೆಯಲ್ಲಿರುವವರಿಗೆ ಇಂಥದು ಕಾಣುವುದಿಲ್ಲ.

ಆ ವರ್ಷದ ದೀಪಾವಳಿ ಕಳೆದು ಕೆಲವು ದಿನಕ್ಕೆ ಅವರ ಮದುವೆಯ ವಾರ್ಷಿಕ ದಿನ ಬಂತು. ನಮ್ಮ ಮನೆಯವರನ್ನೂ ಬಫೆಗೆ ಕರೆದರು. ಅವರಿಗೆ ಅಂದು ರಜೆ, ಗಿರಾಕಿಯಾಗಿ ಬಂದಿದ್ದರು. ಮೈಸೂರು ರೇಷ್ಮೆಯುಟ್ಟ ಆಕೆಯನ್ನು ಸರ್ವರ್‌ಗಳಿಗೆಲ್ಲ ಪರಿಚಯ ಮಾಡಿಸಿದರು. ಮಾಲೀಕರು ಬಂದು ಕೈಮುಗಿದರು. ಅವರು ಕೂತು ಒಂದು ಸುತ್ತು ಉಂಡರು. ಆಮೇಲೆ ಕೂರಲಾಗಲಿಲ್ಲ. ರಜೆಯೆಂಬುದನ್ನು ಮರೆತವರಂತೆ ಎದ್ದುಹೋಗಿ ಟಬ್ಬಿನ ಪಕ್ಕ ನಿಂತರು.

ಆಕೆ ಹಾಕಿಸಿಕೊಂಡದ್ದು ಸ್ವಲ್ಪವೇ. ಮೊಸರನ್ನ, ನಾನ್ ರೊಟ್ಟಿಯ ಒಂದು ತುಂಡು, ಒಂದು ಜಾಮೂನು. ಬಹಳ ಹೊತ್ತು ಅಗಿಯುತ್ತಿದ್ದರು. ಮಾತಿನ ನಡುವೆ ಟಿಶ್ಯೂ ಬಾಯಿಗೆ ಹಿಡಿದು ಕೆಮ್ಮುತ್ತಿದ್ದರು. ಖಾರ ಎಂದರು. ಮೊಸರನ್ನಕ್ಕೆ ಎಂಥ ಖಾರ ಎಂದು ನಾನು ಆಗ ಯೋಚಿಸಲಿಲ್ಲ. ಸರ್ವರ್ ಬಂದು ನಮ್ಮ ತಟ್ಟೆಗಳನ್ನು ಒಟ್ಟಿಕೊಂಡು ಹೋದ.

ಸ್ವಲ್ಪ ಹೊತ್ತಿಗೆ ಅವರು ನಮ್ಮ ಮೇಜಿಗೆ ಬಂದರು. ಅಂಗೈಯಲ್ಲಿ ಬಿಚ್ಚಿದ ಟಿಶ್ಯೂ ಇತ್ತು. ಶರಣಮ್ಮ ಬಿಚ್ಚಿದ್ದಳು, ಯಾವ ಟೇಬಲ್ ಎಂದು ಅವರು ಕೇಳಿದ್ದರು, ನಿಮ್ಮದೇ ಸಾರ್ ಎಂದು ಸರ್ವರ್ ಹೇಳಿದ್ದ. ಇದು ನಮಗೆ ಆಮೇಲೆ ತಿಳಿದದ್ದು. ಅವರು ಮೊದಲು ನೋಡಿದ್ದು ನನ್ನ ಮಗಳ ಕಡೆ. ಅವಳ ಮುಖ ಸಪ್ಪಗಾಯಿತು.

"ಅವಳಲ್ಲ ರೀ" ಎಂದರು ಆಕೆ. "ನಾನು. ಜಾಸ್ತಿ ಹಾಕ್ಕೊಂಡ್ಬಿಟ್ಟೆ."

"ನೀನಾ?" ಅವರಿಗೆ ನಂಬಿಕೆಯಾಗಲಿಲ್ಲ. ಇಷ್ಟು ವರ್ಷದಲ್ಲಿ ಆಕೆಯ ತಟ್ಟೆಯಲ್ಲಿ ಅಗುಳೂ ಉಳಿದದ್ದನ್ನು ಅವರು ಕಂಡಿರಲಿಲ್ಲ. ಆಮೇಲೆ ನಕ್ಕರು. "ಸರಿ ಬಿಡು. ಆದ್ರೆ ರೂಲ್ ಅಂದ್ರೆ ರೂಲ್. ಇಲ್ದಿದ್ರೆ ನಾಳೆ ಇವರೆಲ್ಲ, ಸಾಹೇಬ್ರ ಮನೆಯೋರಿಗೆ ಮಾಫಿ ಅಂತಾರೆ."

ಮಾಲೀಕರು, "ಬಿಡಿ ಸಾರ್, ಆನಿವರ್ಸರಿ ದಿನ ಯಾರಾದ್ರೂ ಹೆಂಡ್ತಿಗೆ ಫೈನ್ ಹಾಕ್ತಾರಾ" ಎಂದರು. ಅವರು ಕೇಳಲಿಲ್ಲ. ಕ್ಯಾಶ್ ಕೌಂಟರಿಗೆ ಹೋಗಿ ದಂಡ ಕಟ್ಟಿ ರಸೀದಿ ಹರಿಸಿಕೊಂಡು ಬಂದರು. ಸರ್ವರ್‌ಗಳು ಕೆಲಸ ನಿಲ್ಲಿಸಿ ನೋಡಿದರು. ಇಬ್ಬರು ಮೆಚ್ಚಿ ತಲೆಯಾಡಿಸಿದರು. ಅವರ ಮುಖದಲ್ಲಿ ತೃಪ್ತಿಯಿತ್ತು. ಆಕೆ ಮೇಜಿನ ಮೇಲೆ ಬಿದ್ದಿದ್ದ ನೀರನ್ನು ಬೆರಳಿಂದ ಒರೆಸುತ್ತ ಕೂತಿದ್ದರು.

ಮನೆಗೆ ಬಂದ ಮೇಲೆ ನನ್ನ ಹೆಂಡತಿ ಹೇಳಿದಳು, "ಆ ಟಿಶ್ಯೂಲಿ ಇದ್ದದ್ದು ತಟ್ಟೇಲಿ ಉಳಿದದ್ದಲ್ಲ ರೀ. ಅಗಿದಿರೋ ಅನ್ನ. ಅವ್ರು ನುಂಗೋಕಾಗ್ದೆ ಉಗಿದಿರೋದು."

ಮಾರನೆಯ ದಿನ ಅವರು ಕೆಲಸಕ್ಕೆ ಹೋದ ಮೇಲೆ ಅವಳು ಎದುರುಮನೆಗೆ ಹೋದಳು. ಆಕೆ ಮೊದಲು ಒಪ್ಪಲಿಲ್ಲ. ಆಮೇಲೆ ಅತ್ತರು. ಮೊದಲು ಚಪಾತಿ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಗಟ್ಟಿ ಅನ್ನ. ಈಗ ಸಾರಿನಲ್ಲಿ ಕಿವುಚಿದ್ದೂ ಎದೆಯಲ್ಲಿ ನಿಲ್ಲುತ್ತದೆ. ಯಾಕಕ್ಕ ಹೇಳಲಿಲ್ಲ ಎಂದರೆ, "ಏನಂತ ಹೇಳ್ಲಿ. ತಟ್ಟೇಲಿ ಬಿಟ್ರೆ ಅವರು ನೋಡ್ತಾರೆ. ಆ ನೋಟ ನಂಗೆ ತಡೆಯೋಕಾಗಲ್ಲ. ತಾನಾಗೇ ಸರಿಹೋಗುತ್ತೆ ಅಂದ್ಕೊಂಡೆ ಕಣೆ" ಎಂದರಂತೆ. ಹಸುವಿಗೆ ಕೊಡುತ್ತಿದ್ದದ್ದು ತಮ್ಮ ಪಾಲಿನ ಚಪಾತಿ. ಅನ್ನವನ್ನು ಹಿತ್ತಲ ಗೋಡೆಯ ಮೇಲೆ ಕಾಗೆಗಳಿಗೆ ಇಡುತ್ತಿದ್ದರು. ಆಮೇಲೆ ಖಾಲಿ ತಟ್ಟೆಯನ್ನು ತಂದು ತೊಳೆಯುವ ಜಾಗದಲ್ಲಿ, ಅವರ ಕಣ್ಣಿಗೆ ಬೀಳುವಂತೆ ಇಡುತ್ತಿದ್ದರು.

ನನ್ನ ಹೆಂಡತಿಯೇ ಆಕೆಯನ್ನು ಹಲಸೂರಿನ ಡಾಕ್ಟರರೊಬ್ಬರ ಬಳಿ ಕರೆದುಕೊಂಡು ಹೋದಳು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಆಗ ಗಂಡನಿಗೂ ವಿಷಯ ತಿಳಿಯಿತು, ಅವರೂ ಜೊತೆಗೆ ಬಂದರು. ಬಾಯಿಂದ ಕೊಳವೆ ಇಳಿಸಿ ನೋಡಿದರು. ಅನ್ನನಾಳದಲ್ಲಿ ಗೆಡ್ಡೆ. ಆಪರೇಷನ್ನಿನ ಹಂತ ದಾಟಿತ್ತು. ಸ್ವಲ್ಪ ಮುಂಚೆ ಬಂದಿದ್ದರೆ ಎಂದು ಡಾಕ್ಟರರು ಅಂದರು. ಆ ಮಾತು ಕೇಳಿದಾಗ ಅವರು ಗೋಡೆಗೆ ಒರಗಿ ನಿಂತಿದ್ದರು. ಆಕೆಯ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡರು.

ಕೊನೆಕೊನೆಗೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿದರು. ಸೋಸಿದ ಗಂಜಿಯನ್ನು ಸಿರಿಂಜಿನಲ್ಲಿ ಬಿಡಬೇಕು. ಆ ಕೆಲಸವನ್ನು ನರ್ಸಿಗೆ ಬಿಡದೆ ಅವರೇ ಮಾಡುತ್ತಿದ್ದರು. ನಾನು ನೋಡಲು ಹೋದ ದಿನ ಆಕೆಗೆ ದನಿ ಬಹಳ ಸಣ್ಣಗಾಗಿತ್ತು. ಸಿರಿಂಜು ಖಾಲಿಯಾದಾಗ ಅವರ ಕಡೆ ನೋಡಿ, "ಈಗ ಬಿಡೋಕೆ ಛಾನ್ಸೇ ಇಲ್ಲ ನೋಡಿ" ಎಂದರು. ಆಕೆ ನಗಿಸಲು ಹೇಳಿದ್ದು. ಅವರು ಸಿರಿಂಜನ್ನು ತೊಳೆಯಲು ಎದ್ದುಹೋದರು. ನಲ್ಲಿ ಬಹಳ ಹೊತ್ತು ಹರಿಯಿತು.

ಬೇಸಿಗೆಯಲ್ಲಿ ಆಕೆ ಹೋದರು. ಶವ ಎತ್ತುವ ಮುಂಚೆ ಶರಣಮ್ಮ ಜೋಗುಪಾಳ್ಯದಿಂದ ಬಂದು ಗೇಟಿನ ಹೊರಗೆ ನಿಂತಿದ್ದಳು. ಅವರೇ ಹೋಗಿ ಒಳಗೆ ಕರೆದರು.

"ನಾ ಆ ಕಾಗದ ಬಿಚ್ಚಬಾರದಿತ್ರಿ, ಸಾಹೇಬ್ರ" ಎಂದಳು.

"ಬಿಚ್ಚಿದ್ದು ಸರಿ ಕಣಮ್ಮ. ನಂಗೇ ನೋಡೋಕೆ ಬರ್ಲಿಲ್ಲ."

ಅಲ್ಲಿಂದ ಅವರ ವಿಚಾರಣೆ ಶುರುವಾಯಿತು. ಯಾವಾಗಿನಿಂದ ಎಂಬುದೇ ಅವರಿಗೆ ತಿಳಿಯಬೇಕಾಗಿತ್ತು. ಒಂದು ಬೆಳಿಗ್ಗೆ ನಾನು ಪತ್ರಿಕೆ ಎತ್ತಿಕೊಳ್ಳಲು ಹೊರಗೆ ಬಂದಾಗ ಅವರು ಹಾಲಿನವನನ್ನು ನಿಲ್ಲಿಸಿಕೊಂಡಿದ್ದರು.

"ನಿನ್ನ ಹಸು ನಮ್ಮ ಗೇಟ್ ಹತ್ರ ನಿಲ್ಲೋಕೆ ಶುರು ಮಾಡಿದ್ದು ಯಾವಾಗಪ್ಪ?"

ಹಾಲಿನವನು ದೂರೆಂದುಕೊಂಡ. "ಇನ್ಮೇಲೆ ಬಿಡಲ್ಲ ಸಾರ್. ಕಟ್ಟಾಕ್ತೀನಿ."

"ಕಟ್ಟೋದು ಬೇಡ. ಯಾವಾಗಿಂದ ಬರ್ತಿತ್ತು ಅಂತ ಹೇಳು ಸಾಕು."

ಅವನು ಕ್ಯಾನು ಕೆಳಗಿಟ್ಟು ಯೋಚಿಸಿದ. "ಹೋದ ವರ್ಷ ಯುಗಾದಿ ಹೊತ್ಗೆ ಕರು ಹಾಕಿತ್ತು ಸಾರ್. ಅದಾಗಿ ಹೊರಗೆ ಬಿಟ್ಟಾಗಿಂದ, ಹಗ್ಗ ಬಿಚ್ಚಿದ್ರೆ ಸಾಕು, ನೇರ ನಿಮ್ಮನೆಗೇ. ಅಮ್ಮೋರು ಕೊಡ್ತಿದ್ರಲ್ಲ."

ಅವರು ನನ್ನ ಕಡೆ ತಿರುಗಿದರು. "ಯುಗಾದಿ ರೀ. ನಾವು ಆಸ್ಪತ್ರೆಗೆ ಹೋಗಿದ್ದು ದೀಪಾವಳಿ ಆದ್ಮೇಲೆ." ಹಾಲಿನವನು ಕ್ಯಾನು ಎತ್ತಿಕೊಂಡು ಹೋದ ಮೇಲೆ, "ಯುಗಾದಿಗೇ ಹೋಗಿದ್ರೆ?" ಎಂದರು. ಅದು ಡಾಕ್ಟರರು ಹೇಳಬೇಕಾದ ಮಾತು ಎಂದೆ. ಅವರು ಡಾಕ್ಟರರನ್ನೂ ಕೇಳಿದರು. ಕೆಲವರು ಉಳಿಯುತ್ತಾರೆ, ಕೆಲವರು ಉಳಿಯುವುದಿಲ್ಲ ಎಂಬ ಉತ್ತರ ಬಂತು. ಅದನ್ನು ನನಗೆ ವರದಿ ಮಾಡುವಾಗ ಅವರು ಎರಡನೆಯ ಅರ್ಧವನ್ನು ಹೇಳಲಿಲ್ಲ. ಪೂರ್ತಿ ಉತ್ತರ ನನಗೆ ತಿಳಿದದ್ದು ಜೊತೆಯಲ್ಲಿ ಹೋಗಿದ್ದ ನನ್ನ ಹೆಂಡತಿಯಿಂದ.

ಹೋಟೆಲಿಗೆ ಮತ್ತೆ ಹೋಗತೊಡಗಿದರು. ಆದರೆ ಟಬ್ಬಿನ ಪಕ್ಕ ನಿಲ್ಲಲಿಲ್ಲ. ಶರಣಮ್ಮ ಕರೆದು ತೋರಿಸಿದರೂ ತಟ್ಟೆಗಳ ಕಡೆ ತಿರುಗುತ್ತಿರಲಿಲ್ಲ. ಮೇಜುಗಳ ನಡುವಿನ ಕಂಬಕ್ಕೆ ಒರಗಿ, ಉಣ್ಣುವವರ ಬಾಯಿ, ಗಂಟಲು ನೋಡುತ್ತ ನಿಲ್ಲುತ್ತಿದ್ದರು. ತುತ್ತು ಬಾಯಿಗೆ ಹೋಗಿ, ಅಗಿದು, ಕೆಳಗಿಳಿಯುವವರೆಗೂ ಕಣ್ಣು ಕೀಳುತ್ತಿರಲಿಲ್ಲ. ಮೊದಲು ಜನ ಗಮನಿಸಲಿಲ್ಲ. ಗಮನಿಸಿದ ಮೇಲೆ ಯಾರಿಗೂ ಉಣ್ಣಲಾಗಲಿಲ್ಲ.

"ಏನ್ ಅಂಕಲ್, ನನ್ ಮುಖದಲ್ಲಿ ಮೆನು ಬರ್ದಿದ್ಯಾ?" ಎಂದು ಒಬ್ಬ ಕಂಪನಿ ಹುಡುಗ ಕೇಳಿದ. ಅವನ ಜೊತೆಯವರು ನಕ್ಕರು. "ಬಿಡು ಮಗಾ, ಎಷ್ಟು ತಿಂತೀಯ ಅಂತ ಲೆಕ್ಕ ಹಾಕ್ತಿದಾರೆ" ಎಂದ ಇನ್ನೊಬ್ಬ.

ಮತ್ತೊಂದು ದಿನ ಒಬ್ಬ ವಯಸ್ಸಾದ ಹೆಂಗಸು ತುತ್ತಿಗೊಂದು ಸಲ ನೀರು ಕುಡಿಯುತ್ತಿದ್ದರು. ಅವರು ಮೇಜಿನ ಬಳಿ ಹೋಗಿ ಬಗ್ಗಿ, "ಅಮ್ಮಾ, ನೀರಿಲ್ದೆ ಇಳಿಯುತ್ತಾ?" ಎಂದು ಕೇಳಿದರು. ಹೆಂಗಸಿನ ಮಗ ಎದ್ದು ನಿಂತ. "ಊಟ ಮಾಡೋರ್ ಹತ್ರ ಕೇಳೋ ಮಾತೇನ್ರೀ ಇದು?" ಮಾಲೀಕರು ಓಡಿಬಂದು ಕ್ಷಮೆ ಕೇಳಿದರು. ಅವರು ಅಲ್ಲಿಂದ ಕದಲಲಿಲ್ಲ. "ಒಂದ್ಸಲ ತೋರಿಸಿಬಿಡಿ ಸಾರ್, ಹಲಸೂರಲ್ಲಿ ಒಳ್ಳೆ ಡಾಕ್ಟ್ರಿದಾರೆ" ಎಂದು ಮಗನಿಗೆ ಹೇಳುತ್ತಲೇ ಇದ್ದರು.

ಮಾಲೀಕರು ಕೆಲಸ ಬಿಡಿಸಿದ ವಿಷಯವನ್ನು ನನಗೆ ಅವರೇ ಹೇಳಿದರು, ದೂರಿನ ದನಿಯಿರಲಿಲ್ಲ. "ಸಾರ್, ತಪ್ಪು ತಿಳ್ಕೋಬೇಡಿ, ಬಾಯಿ ನೋಡ್ತಾ ನಿಂತ್ರೆ ಜನ ಹೆಂಗ್ ತಿಂತಾರೆ, ಅಂದ್ರು. ಸರಿಯಾಗೇ ಹೇಳಿದ್ರು."

ಆಮೇಲೆ ಮನೆಯಲ್ಲೇ ಇದ್ದರು. ನನ್ನ ಹೆಂಡತಿ ಊಟ ಕಳಿಸಿದರೆ ತೊಳೆದ ಪಾತ್ರೆ ವಾಪಸ್ ಬರುತ್ತಿತ್ತು. ಅವಳು ಅದನ್ನು ನಂಬಲಿಲ್ಲ. ತಾನೇ ಹೋಗಿ ಎದುರು ಕೂರುತ್ತಿದ್ದಳು. "ನೀವು ಹಿಂಗೆ ನೋಡ್ತಾ ಕೂತ್ರೆ ಇಳಿಯಲ್ಲಮ್ಮ" ಎಂದರಂತೆ ಒಂದು ದಿನ. ಹಾಗೆಂದು ಗೋಡೆಯ ಮೇಲಿನ ಹೆಂಡತಿಯ ಫೋಟೋ ಕಡೆ ನೋಡಿದರಂತೆ.

ವರ್ಷದ ಕರ್ಮ ಮುಗಿದ ಮಾರನೆಯ ದಿನ ನಮ್ಮ ಮನೆಗೆ ಬಂದು, "ಮಧ್ಯಾಹ್ನ ಊಟಕ್ಕೆ ಬರ್ತೀರಾ? ಅಲ್ಲಿಗೇ" ಎಂದರು. ಇಬ್ಬರೂ ಆಟೋದಲ್ಲಿ ಹೋದೆವು. ಅದೇ ಮೆಟ್ಟಿಲು, ಅದೇ ಮೇಜುಗಳು. ಕೆಲಸದವರೆಲ್ಲ ಹೊಸಬರು, ಅವರ ಗುರುತು ಯಾರಿಗೂ ಸಿಗಲಿಲ್ಲ. ಶರಣಮ್ಮ ಊರಿಗೆ ಹೋದವಳು ಮರಳಿರಲಿಲ್ಲ. ಮಾಲೀಕರು ಅಂದು ಬಂದಿರಲಿಲ್ಲ.

ಅವರು ಹಾಕಿಸಿಕೊಂಡದ್ದು ಮೊಸರನ್ನ, ನಾನ್ ರೊಟ್ಟಿಯ ಒಂದು ತುಂಡು, ಒಂದು ಜಾಮೂನು. ತಟ್ಟೆಯನ್ನು ಮುಂದಿಟ್ಟುಕೊಂಡು ಕೂತರು, ಮುಟ್ಟಲಿಲ್ಲ. ನಾನು ನನ್ನ ಪಾಲಿನದನ್ನು ಹೇಗೋ ತಿಂದು ಮುಗಿಸಿದೆ. ಸರ್ವರ್ ಬಂದು, "ಮುಗೀತಾ ಸಾರ್?" ಎಂದ. ಅವರು ತಲೆಯಾಡಿಸಿದರು. ಅವನು ತಟ್ಟೆ ಎತ್ತಿಕೊಂಡು ಹೋದ. ಅವರು ಎದ್ದು ಕ್ಯಾಶ್ ಕೌಂಟರಿಗೆ ಹೋದರು. ನಾನು ಹಿಂದೆ ನಿಂತೆ.

"ಒಂದು ತಟ್ಟೆ ಪೂರ್ತಿ ಬಿಟ್ಟಿದೀನಿ. ದಂಡ ತಗೊಳ್ಳಿ" ಎಂದರು.

ಕ್ಯಾಶಿಯರ್‌ಗೆ ಅರ್ಥವಾಗಲಿಲ್ಲ. "ಏನ್ ದಂಡ ಸಾರ್?"

"ಬೋರ್ಡ್ ಇದೆಯಲ್ಲ, ತಟ್ಟೆ ಹತ್ರ."

ನಾವು ಮೂವರೂ ಆ ಕಡೆ ನೋಡಿದೆವು. ತಟ್ಟೆಗಳ ಗುಡ್ಡದ ಮೇಲಿನ ಗೋಡೆಯಲ್ಲಿ ಎರಡು ಮೊಳೆಗಳಿದ್ದವು.

"ಓ, ಅದಾ. ಅದು ತೆಗ್ದು ತುಂಬಾ ದಿನ ಆಯ್ತು ಸಾರ್. ಈ ರೋಡಲ್ಲೀಗ ಎಷ್ಟೊಂದು ಬಫೆ ಆಗಿದೆ, ಫೈನ್ ಗೀನ್ ಅಂದ್ರೆ ಯಾರ್ ಬರ್ತಾರೆ? ಎಷ್ಟು ಬೇಕಾದ್ರೂ ಬಿಡ್ಬಹುದು. ಟೆನ್ಶನ್ ಮಾಡ್ಕೋಬೇಡಿ."

"ಪರವಾಗಿಲ್ಲ. ತಗೊಳ್ಳಿ." ಅವರು ನೋಟನ್ನು ಕೌಂಟರಿನ ಮೇಲಿಟ್ಟರು.

"ತಗೊಳ್ಳೋಕೆ ಬರಲ್ಲ ಸಾರ್. ಮಷಿನ್‌ನಲ್ಲಿ ಅದಕ್ಕೆ ಐಟಮ್ಮೇ ಇಲ್ಲ. ಏನಂತ ಬಿಲ್ ಹಾಕ್ಲಿ?" ಅವನು ಮರ್ಯಾದೆಯಿಂದಲೇ ನೋಟನ್ನು ಹಿಂದಕ್ಕೆ ಸರಿಸಿದ.

ಹಿಂದೆ ಜನ ಸೇರಿದ್ದರು. ಒಬ್ಬ ಹುಡುಗಿ, "ಅಂಕಲ್, ಸ್ವಲ್ಪ ಸೈಡಿಗೆ ಬರ್ತೀರಾ" ಎಂದಳು. ಅವರು ನೋಟನ್ನು ತೆಗೆದುಕೊಂಡು ಪಕ್ಕಕ್ಕೆ ಸರಿದರು. ಅಲ್ಲಿಂದ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ಟಬ್ಬಿನ ಬಳಿ ಕೆಲಸದವನೊಬ್ಬ ಪಕ್ಕದವನೊಂದಿಗೆ ಮಾತಾಡುತ್ತ ಅವರ ತಟ್ಟೆಯನ್ನು ಎತ್ತಿದ, ಡ್ರಮ್ಮಿಗೆ ಬಡಿದು ಸುರಿದ, ಮುಂದಿನದಕ್ಕೆ ಕೈಹಾಕಿದ. ತಟ್ಟೆಯಲ್ಲಿ ಏನಿತ್ತೆಂದು ಅವನು ನೋಡಲಿಲ್ಲ.

ಅವರು ನೋಡುತ್ತಿದ್ದರು.